ಇನ್ನೊಂದು ಸಲ ಕೇಳಬೇಕಿತ್ತು

ಡಾಲಸ್ ಪಕ್ಕದ ಮರ್ಫಿ ಊರಿನ ಆ ಮನೆಯಲ್ಲಿ ಊಟಕ್ಕೆ ಕೂತವರು ಸಾಕು ಅಂದರೆ ಯಾರೂ ನಂಬುತ್ತಿರಲಿಲ್ಲ. ಮೊದಲನೇ ಸಾಕು ಮರ್ಯಾದೆಗೆ, ಎರಡನೇದು ನಾಚಿಕೆಗೆ, ಮೂರನೇ ಸಲ ಕೇಳಿದಾಗ ಏನು ಹೇಳುತ್ತಾರೋ ಅದೇ ಹೊಟ್ಟೆಯ ಮಾತು. ಇದು ಇಳಕಲ್ಲಿನಿಂದ ಬಂದ ಪದ್ಧತಿ. ಅತ್ತೆ ಸುಮಿತ್ರವ್ವ ಇದನ್ನು ಸೊಸೆ ಮಹಾನಂದಾಗೆ ಕಲಿಸುವ ಪ್ರಸಂಗವೇ ಬರಲಿಲ್ಲ, ಯಾಕೆಂದರೆ ಮಹಾನಂದಾಳ ತವರು ಅಲ್ಲೇ ಪಕ್ಕದ ಹುನಗುಂದ. ಇಷ್ಟು ವರ್ಷ ಟೆಕ್ಸಸ್‌ನಲ್ಲಿ ಕಾರು ಓಡಿಸಿ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನಾ ಇಂಗ್ಲಿಷ್ ಮಾತಾಡಿದರೂ, ಯಾರಾದರೂ ಏನಾದರೂ ಕೊಡಲು ಬಂದರೆ ಅವಳ ಬಾಯಿಂದ ಮೊದಲು ಬರುವುದು "ಅಯ್ಯ, ಬ್ಯಾಡ್ರಿ" ಅನ್ನುವುದೇ.

ಆ ಏಪ್ರಿಲ್‌ನಲ್ಲಿ ಮನೆಗೆ ಕಷ್ಟ ಬಂದದ್ದು ಮಾವ ದಾನಪ್ಪನವರ ಗಂಟಲಿನಿಂದ. ಅನ್ನನಾಳದಲ್ಲಿ ಗಡ್ಡೆಯಾಗಿ, ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ತೆಗೆದು ಮನೆಗೆ ಕಳಿಸಿದ್ದರು. ತೆಳ್ಳಗೆ ಕಾಸಿದ ಅಂಬಲಿಯನ್ನು ಹಗಲೆಲ್ಲ ಗುಟುಕು ಗುಟುಕಾಗಿ ಕುಡಿಸಬೇಕು. ಕುಡಿಸಿದ ಮೇಲೆ ಎಬ್ಬಿಸಿ ಕೂಡಿಸಿಕೊಂಡಿರಬೇಕು, ಮಲಗಿಸಿದರೆ ಕೆಮ್ಮು ಹತ್ತಿ ಜೀವ ಹೋದಂಗಾಗುತ್ತದೆ. ಯಾರು ಮಾಡಬೇಕು? ಸುಮಿತ್ರವ್ವನ ಕೈ ನಡುಗುತ್ತದೆ. ಮಗ ಶ್ರೀಶೈಲ್‌ಗೆ ಕ್ಯಾರಲ್ಟನ್ನಿನಲ್ಲಿ ಗ್ರಾನೈಟ್ ಅಂಗಡಿ, ಒಬ್ಬನೇ ಮಾಲೀಕ, ಒಬ್ಬನೇ ಆಳು. ಮಹಾನಂದಾ ಕೆಲಸ ಬಿಡುವ ಹಾಗಿಲ್ಲ, ಮನೆಯವರ ಆಸ್ಪತ್ರೆಯ ಇನ್ಶೂರೆನ್ಸ್ ನಿಂತಿರುವುದೇ ಆ ಕೌಂಟರಿನ ಮೇಲೆ. ಉಳಿದವಳು ಮಗಳು ಮಧುಶ್ರೀ, ಆಸ್ಟಿನ್‌ನಲ್ಲಿ ಇತಿಹಾಸ ಓದುತ್ತಿದ್ದವಳು.

"ಹದಿನೈದು ದಿನ ಬಂದ್ ಹೋಗವ್ವಾ. ಅಷ್ಟರಾಗ ಏನಾರ ಮಾಡೂಣು," ಅಂತ ಶ್ರೀಶೈಲ್ ಫೋನ್ ಮಾಡಿದ.

ಮಧುಶ್ರೀ ಒಂದೇ ಬ್ಯಾಗು ತಂದಳು. ಹದಿನೈದು ದಿನಕ್ಕೆ ಅಷ್ಟು ಸಾಕಲ್ಲವೇ.

ಅದೇ ತಿಂಗಳು ಆ ಹುಡುಗಿಗೆ ಒಂದು ಜಾಗ ಸಿಕ್ಕಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಹಳೇ ಕಾಲೇಜು. ಹೆಚ್ಚುಕಡಿಮೆ ಇನ್ನೂರು ವರ್ಷದ ಹಿಂದೆ, ಗಂಡಸರ ಕಾಲೇಜುಗಳು ಹೆಣ್ಣುಮಕ್ಕಳನ್ನು ಬಾಗಿಲಲ್ಲೂ ನಿಲ್ಲಿಸದ ಕಾಲದಲ್ಲಿ, ಹುಡುಗಿಯರಿಗೆಂದೇ ತೆಗೆದ, ಸೆಮಿನರಿ ಅನ್ನುವ ಶಾಲೆ ಅದು. ಹೊರಗಿನ ಒಬ್ಬ ವಿದ್ಯಾರ್ಥಿನಿಯನ್ನು ವರ್ಷಪೂರ್ತಿ ಅಲ್ಲೇ ಇಟ್ಟುಕೊಂಡು, ಆ ಮೊದಲ ಹುಡುಗಿಯರು ಹೇಗೆ ಓದಿದರು ಅನ್ನುವುದರ ಮೇಲೆ ಕೆಲಸ ಮಾಡಿಸುತ್ತಾರೆ. ಆಸ್ಟಿನ್ನಿನ ಅವಳ ಪ್ರೊಫೆಸರ್ ಮರಿಯನ್ ಇವಳ ಹೆಸರು ಕೊಟ್ಟು ಗೆಲ್ಲಿಸಿದ್ದರು. ಆಗಸ್ಟ್‌ನಲ್ಲಿ ಹೋಗಬೇಕು. ಮಹಾನಂದಾಗೆ ಎಷ್ಟು ಹಿಗ್ಗಾಗಿತ್ತೆಂದರೆ, ಡಾಲಸ್ ಬಿಸಿಲು ಏರುತ್ತಿದ್ದಾಗಲೇ ಒಂದು ದಪ್ಪ ಚಳಿಗಾಲದ ಕೋಟು ಕೊಂಡು ತಂದು, ದೃಷ್ಟಿಯಾದೀತೆಂದು ಯಾರಿಗೂ ಹೇಳದೆ ಬಟ್ಟೆಯ ಕಪಾಟಿನ ಹಿಂದೆ ತೂಗುಹಾಕಿದ್ದಳು. ತಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ತಾಳಿ ಕಟ್ಟಿಸಿಕೊಂಡವಳು. ಆ ಕೋಟನ್ನು ಮಗಳಿಗಿಂತ ಮೊದಲು ತಾನೇ ಒಮ್ಮೆ ಹಾಕಿಕೊಂಡು ನೋಡಿದ್ದಳು ಕೂಡ.

ಒಳಗೆ ರೊಟ್ಟಿ ಸುಟ್ಟರೆ ಹೊಗೆಯ ಅಲಾರಂ ಊರಿಗೆಲ್ಲ ಕೇಳಿಸುವಂತೆ ಕೂಗುತ್ತದೆಂದು ಅವರ ರೊಟ್ಟಿ ಒಲೆ ಗ್ಯಾರೇಜಿನಲ್ಲಿ. ಭಾನುವಾರ ಸುಮಿತ್ರವ್ವ ಕುರ್ಚಿ ಹಾಕಿಕೊಂಡು ಕೂತಳು, ಮಧುಶ್ರೀ ರೊಟ್ಟಿ ಬಡಿಯುತ್ತಿದ್ದಳು, ಮಹಾನಂದಾ ಬೇಯಿಸುತ್ತಿದ್ದಳು.

"ಅಲ್ಲ ತಂಗಿ, ಆ ಕಾಲದಾಗ ಹುಡುಗ್ಯಾರಿಗೆ ಏನ್ ಕಲಸತಿದ್ರು?" ಅಜ್ಜಿ ಕೇಳಿದಳು.

"ಮ್ಯಾತ್ಸ್, ಲ್ಯಾಟಿನ್, ಕೆಮಿಸ್ಟ್ರಿ, ಎಲ್ಲಾ. ಆಮ್ಯಾಲ ಮನಿ ಕೆಲಸ. ಆಳು ಇರಲಿಲ್ಲ ಅಜ್ಜಿ. ಒಬ್ಬಾಕಿ ಬ್ರೆಡ್ ಮಾಡಬೇಕು, ಒಬ್ಬಾಕಿ ಪಾತ್ರೆ, ಒಬ್ಬಾಕಿ ನೆಲ ಒರಸಬೇಕು. ಅದಕ್ಕ ಫೀ ಕಡಿಮಿ. ಬಡವರ ಹುಡುಗ್ಯಾರೂ ಬರಬಹುದಿತ್ತು."

ಸುಮಿತ್ರವ್ವ ಕಿಸಕ್ಕನೆ ನಕ್ಕಳು. "ಮನಿ ಕೆಲಸ ಮಾಡಾಕ ಅಷ್ಟು ದೂರ ಯಾಕ ಹೋಗತಿಯವ್ವಾ? ಇಲ್ಲೇ ಮಾಡು, ಫೀನೂ ಇಲ್ಲ."

ಮಧುಶ್ರೀ ನಗಲಿಲ್ಲ. "ಅಲ್ಲಿ ಗಂಟೆ ಹೊಡೀತಿದ್ರು ಅಜ್ಜಿ. ಗಂಟೆ ಹೊಡದ್ರ ಕೆಲಸ ಮುಗೀತು, ಪುಸ್ತಕ ತಗೋಬೇಕು. ಮನ್ಯಾಗ ಗಂಟೆ ಯಾರ್ ಹೊಡೀತಾರ?"

ಅಜ್ಜಿ ಹಿಟ್ಟಿನ ಪರಾತವನ್ನು ಇತ್ತ ಜರುಗಿಸಿಕೊಂಡಳು.

ಮಧುಶ್ರೀ ಕೆಲಸ ಮಾಡುತ್ತಿದ್ದುದು ಅಬಿಗೇಲ್ ಅನ್ನುವ ಒಬ್ಬ ಹುಡುಗಿಯ ಮೇಲೆ. ಒಕ್ಕಲುತನದ ಮನೆಯವಳು. ಸೆಮಿನರಿಯಲ್ಲಿ ಅವಳಿಗೆ ಬಂದದ್ದು ಬ್ರೆಡ್ಡಿನ ಕೆಲಸ. ಬೆಳಕು ಹರಿಯುವ ಮೊದಲೇ ಹಿಟ್ಟು ನಾದುತ್ತ ಬಾಯಲ್ಲಿ ಲ್ಯಾಟಿನ್ ಉರುಹೊಡೆಯುತ್ತಿದ್ದಳಂತೆ. ಎರಡನೇ ಚಳಿಗಾಲಕ್ಕೆ ಅಪ್ಪ ಗಾಡಿ ಕಟ್ಟಿಕೊಂಡು ಬಂದ: ತಾಯಿಗೆ ಹುಷಾರಿಲ್ಲ, ನಾಲ್ಕು ವಾರ ಬಂದು ಹೋಗು.

"ಮತ್ತ ವಾಪಸ್ ಬಂದಳೇನು?" ಮಹಾನಂದಾ ಕೇಳಿದಳು.

"ಇಲ್ಲ. ಸ್ಕೂಲಿನವರು ಜಾಗ ಹಿಡದಿಟ್ಟಿದ್ರು. ಕಳಸ್ತೀರೇನು ಅಂತ ಕೇಳಿದ್ರು. ಮನಿಯವರು ಬ್ಯಾಡ ಅಂದ್ರು. ಆಕಿನ ಬ್ಯಾಡ ಅಂದಳೋ, ಅವರವ್ವ ಅಂದಳೋ, ಯಾರಿಗೂ ಗೊತ್ತಿಲ್ಲ."

"ಎಂಥಾ ಮಂದಿನಪಾ," ಮಹಾನಂದಾ ರೊಟ್ಟಿ ತಿರುವಿಹಾಕಿದಳು. "ಬಾಗಲಿಗೆ ಬಂದದ್ದನ್ನ ಬ್ಯಾಡ ಅಂತಾರೇನು ಯಾರರ?"

"ತಾಯಿ ಹಾಸಿಗಿ ಹಿಡದಾಗ ಮತ್ತೇನ್ ಮಾಡಬೇಕಿತ್ತು?" ಸುಮಿತ್ರವ್ವ ಸಿಡುಕಿದಳು. "ಬಿಟ್ಟು ಹೋಗಿದ್ರ ಅದನ್ನೂ ನೀವ ಆಡಿಕೊತಿದ್ರಿ."

ಹದಿನೈದು ದಿನ ತಿಂಗಳಾಯಿತು. ಮಧುಶ್ರೀ ಆ ಸೆಮಿಸ್ಟರ್ ಬಿಟ್ಟಳು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ಅವಳ ಜೊತೆ ಮನೆ ಹಂಚಿಕೊಂಡಿದ್ದ ಐಶ್ವರ್ಯಾ ಉಳಿದ ಸಾಮಾನನ್ನೆಲ್ಲ ಕಾರಿನಲ್ಲಿ ತುಂಬಿ ತಂದು ಇಳಿಸಿ ಹೋದಳು. ಪುಸ್ತಕದ ಡಬ್ಬಿಗಳು ಗ್ಯಾರೇಜಿನಲ್ಲಿ, ರೊಟ್ಟಿ ಒಲೆಯ ಪಕ್ಕದಲ್ಲೇ ಕೂತವು. ಅವುಗಳ ಮೇಲೆ ಹಿಟ್ಟಿನ ಧೂಳು ಕೂರುವುದನ್ನು ಮಹಾನಂದಾ ದಿನಾ ನೋಡಿ ದಿನಾ ಒರೆಸುತ್ತಿದ್ದಳು.

ಅತ್ತ ದಾನಪ್ಪನವರು ಮೊಮ್ಮಗಳ ಕೈಯಿಂದ ಬಿಟ್ಟರೆ ಬೇರೆಯವರ ಕೈಯಿಂದ ಕುಡಿಯದಂತಾದರು. ಒಂದು ಬೆಳಗ್ಗೆ ಮಹಾನಂದಾ ಕೆಲಸಕ್ಕೆ ಹೋಗುವ ಮೊದಲು ತಾನೇ ಅಂಬಲಿ ತೆಗೆದುಕೊಂಡು ಹೋದಳು. ಮುದುಕ ತುಟಿ ಬಿಗಿಹಿಡಿದು ಗೋಡೆಯ ಕಡೆ ಮುಖ ತಿರುಗಿಸಿದ.

"ಮಧೂ," ಅಂದ, ಒಡೆದ ದನಿಯಲ್ಲಿ.

"ಆಕಿ ಮಲಗ್ಯಾಳ್ರಿ ಮಾವಾರ. ನಾ ಕುಡಸ್ತೀನಿ, ತಗೋರಿ."

"ಮಧೂ."

ಮಹಾನಂದಾಗೆ ಸಿಟ್ಟು ನೆತ್ತಿಗೇರಿತು. ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದುಹೋಗಿ ಬಿಡಬೇಕು ಅನ್ನಿಸಿತು. ಮರುಕ್ಷಣ ಆ ಒಣಗಿದ ತುಟಿ ನೋಡಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಮಧುಶ್ರೀ ಕಣ್ಣುಜ್ಜಿಕೊಳ್ಳುತ್ತ ಬಂದು ಬಟ್ಟಲು ಇಸಿದುಕೊಂಡಳು. "ನೀ ಹೋಗಮ್ಮಾ, ಲೇಟ್ ಆಗ್ತದ," ಅಂದಳು. ಮುದುಕ ಕೂಸಿನ ಹಾಗೆ ಬಾಯಿ ತೆರೆದ.

ಮೇ ತಿಂಗಳಲ್ಲಿ ಹ್ಯೂಸ್ಟನ್ನಿಗೆ ತೋರಿಸಲು ಹೋದಾಗ ಡಾಕ್ಟರು, ಗಾಯ ಚೆನ್ನಾಗಿ ಮಾಯುತ್ತಿದೆ, ಆದರೆ ಈ ಆರೈಕೆ ವರ್ಷದ ಕೊನೆಯ ತನಕ ಬೇಕು ಅಂದರು. ವಾಪಸ್ ಬರುವಾಗ ಹೈವೇ ಪಕ್ಕ ಪೆಟ್ರೋಲ್ ಹಾಕಿಸಲು ನಿಂತರು. ಮಧುಶ್ರೀ ಕಾರಿನೊಳಗೆ ಅಜ್ಜನಿಗೆ ಕುಡಿಸುತ್ತಿದ್ದಳು. ಗಂಡ ಹೆಂಡತಿ ಹೊರಗೆ ಬಿಸಿಲಲ್ಲಿ ನಿಂತೇ ಜಗಳ ತೆಗೆದರು.

"ಒಂದ್ ವರ್ಷ ತಡದು ಹೋಗಲಿ," ಶ್ರೀಶೈಲ್ ಅಂದ.

"ಆ ಜಾಗ ತಡೀತೈತೇನ್ರಿ?"

"ನಮ್ಮಪ್ಪ ತಡೀತಾನೇನು?"

"ಮನಿಗೆ ಯಾರನ್ನರ ನೇಮಿಸೂಣು. ಇಲ್ಲಿ ಮಂದಿ ಸಿಗತಾರ."

"ನಿನ್ನ ಕೈಯಾಗ ಕುಡೀಲಿಲ್ಲ, ಗುರುತಿಲ್ಲದವರ ಕೈಯಾಗ ಕುಡೀತಾನೇನು ಅಂವಾ? ನಂಗೇನ್ ಮಗಳ ಮ್ಯಾಲ ಹಗೆ ಐತೇನು?" ಅವನ ಕಣ್ಣು ಕೆಂಪಾಗಿದ್ದವು. "ನೀನ ಹೇಳು, ಏನ್ ಮಾಡಲಿ. ಹೇಳು."

ಮಹಾನಂದಾ ಏನು ಹೇಳಿಯಾಳು? ಆ ಕಡೆ ಬಾವಿ, ಈ ಕಡೆ ಕೆರೆ. ಕಾರಿನ ಗಾಜಿನೊಳಗೆ ಮಗಳು ಅಜ್ಜನ ಗದ್ದ ಒರೆಸುವುದು ಕಾಣುತ್ತಿತ್ತು. ಒಂದು ತಿಂಗಳಲ್ಲಿ ಆ ಹುಡುಗಿಯ ಮೋರೆ ತನ್ನ ಮೋರೆಯ ಹಾಗೇ ಆಗಿಬಿಟ್ಟಿದೆ ಅನ್ನಿಸಿತು. ಹೆಂಗಾದರೂ ಮಾಡಿ ಇವಳನ್ನು ಕಳಿಸಬೇಕು, ಯಾರ ಕಾಲಿಗೆ ಬಿದ್ದಾದರೂ ಸರಿ, ಅಂತ ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡಳು.

ಮುಂದಿನ ವಾರ ಕಾಲಿಗೆ ಬೀಳಬೇಕಾದವರೇ ಮನೆಗೆ ಬಂದರು. ಮರಿಯನ್‌ಗೆ ಡಾಲಸ್‌ನಲ್ಲಿ ಏನೋ ಸಭೆಯಿತ್ತು, ಮಧುಶ್ರೀಯನ್ನು ನೋಡಿ ಮಾತಾಡಿಸಿ ಹೋಗುತ್ತೇನೆ ಅಂದರು. ಎತ್ತರದ ಹೆಂಗಸು, ಬಿಳಿ ಕೂದಲು, ಮಾತು ಕಡಿಮೆ. ಸುಮಿತ್ರವ್ವ ಮುಂದೆ ಕೂತು ಹೂರಣ ರುಬ್ಬಿಸಿ ಹೋಳಿಗೆ ಮಾಡಿಸಿದ್ದಳು.

"ತುಂಬ ಚೆನ್ನಾಗಿದೆ. ಸಾಕು, ಇನ್ನು ಬೇಡ," ಅಂದರು ಮರಿಯನ್, ಒಂದು ಹೋಳಿಗೆ ತಿಂದು.

ಸುಮಿತ್ರವ್ವ ಇನ್ನೊಂದು ಹಾಕಿ ಮೇಲೆ ತುಪ್ಪ ಸುರಿದಳು.

"ಇಲ್ಲ, ನಿಜವಾಗಿಯೂ ಬೇಡ."

"ನಾಚಿಕೋತಾಳ," ಅಂತ ಕನ್ನಡದಲ್ಲಿ ಅಂದು ಮೂರನೇದನ್ನೂ ಹಾಕಿದಳು. ಮರಿಯನ್ ಕೆಂಪಗಾಗಿ, ನೀರು ಕುಡಿಕುಡಿದು ಅದನ್ನೂ ಮುಗಿಸಿದರು. ಅತ್ತೆ ಸೊಸೆ ಇಬ್ಬರಿಗೂ ಸಮಾಧಾನವಾಯಿತು. ನೋಡಿದಿರಾ, ಹಸಿವಿತ್ತು ಪಾಪ.

ಒಳಗಿನಿಂದ "ಮಧೂ" ಅಂತ ಕೂಗು ಬಂತು. ಮಧುಶ್ರೀ ಎದ್ದಳು. ಎದ್ದವಳು ಬಾಗಿಲ ಹತ್ತಿರ ನಿಂತು ಮರಿಯನ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು: "ನೀವು ನನ್ನ ಹತ್ತಿರ ಹೇಳಿದ್ದನ್ನ ಅಮ್ಮನ ಹತ್ತಿರ ಕೇಳಿ. ಅವಳು ಏನು ಹೇಳ್ತಾಳೋ ಅದೇ ನನ್ನ ಮಾತು." ಹೇಳಿ ಅಜ್ಜನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಮರಿಯನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆ ಕಾಲೇಜಿನವರ ಹತ್ತಿರ ಮಾತಾಡಿದ್ದೇನೆ, ಮಧು ಆಗಸ್ಟ್ ಬದಲು ಜನವರಿಯಲ್ಲಿ ಬರಬಹುದು, ಅಲ್ಲಿಯ ತನಕ ಜಾಗ ಹಿಡಿದಿಡುತ್ತಾರೆ, ಅಂದರು. ನನ್ನ ಪರಿಚಯದ ಒಬ್ಬ ನರ್ಸ್ ಇದೇ ಪಕ್ಕದ ಊರಿನಲ್ಲಿದ್ದಾಳೆ, ಈಗಿನಿಂದಲೇ ದಿನಾ ಮಧುವಿನ ಜೊತೆ ಬಂದು ಕೂತರೆ ನಿಮ್ಮ ಮಾವನವರಿಗೂ ನಿಧಾನಕ್ಕೆ ರೂಢಿಯಾದೀತು, ಅವಳಿಗೆ ಹೇಳುತ್ತೇನೆ, ಅಂದರು. "ನಿಮ್ಮ ಒಪ್ಪಿಗೆಯಿದ್ದರೆ ಇವತ್ತೇ ಫೋನ್ ಮಾಡುತ್ತೇನೆ. ಮಾಡಲೇ?"

ಮಹಾನಂದಾ ಕೇಳಬೇಕೆಂದಿದ್ದದ್ದು ಕೇಳದೆಯೇ ತಾಟಿಗೆ ಬಂದು ಬಿದ್ದಿತ್ತು. ಇಷ್ಟು ದೊಡ್ಡ ಹೆಂಗಸು, ತಮ್ಮ ಮನೆಗೆ ಬಂದು, ತಮ್ಮ ಮಗಳಿಗಾಗಿ ಕಂಡಕಂಡವರಿಗೆ ಹೇಳಿ, ಇಷ್ಟೆಲ್ಲ ಮಾಡುತ್ತಾಳಲ್ಲ. ಹಪಹಪಿಸಿ ಕೈ ಚಾಚಿದರೆ ಏನು ತಿಳಿದಾಳು? ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತು.

"ಅಯ್ಯೋ ಬೇಡ, ಬೇಡ. ನಮಗಾಗಿ ಇಷ್ಟೆಲ್ಲ ತೊಂದರೆ ಯಾಕೆ ತಗೋತೀರಿ?"

"ನನಗೆ ತೊಂದರೆಯಿಲ್ಲ," ಅಂದರು ಮರಿಯನ್. ಅವಳ ಮುಖವನ್ನೇ ನೋಡಿದರು. "ನೀವು ಯೋಚಿಸಿ ಹೇಳುತ್ತಿದ್ದೀರಾ? ಜಾಗ ಬಿಟ್ಟುಬಿಡಲೇ?"

ಎರಡನೇ ಸಲ. ಮಹಾನಂದಾ ಮನಸ್ಸಿನಲ್ಲೇ ಎಣಿಸಿದಳು. ಇನ್ನೊಂದೇ ಸಲ. "ನೀವು ಈಗಾಗಲೇ ಎಷ್ಟೋ ಮಾಡಿದ್ದೀರಿ. ನಮ್ಮದು ಹೇಗೋ ನಡೆಯುತ್ತದೆ. ಬೇರೆ ಯಾರಾದರೂ ಹುಡುಗಿಗೆ ಕೊಡಿ, ಪಾಪ," ಅಂದಳು, ನಗುತ್ತ. ಅಂದು, ಕಾದಳು.

ಮರಿಯನ್ ಅವಳ ಕೈಮೇಲೆ ಕೈಯಿಟ್ಟು, "ಅರ್ಥವಾಯಿತು. ಇದು ನಿಮ್ಮ ಮನೆಯ ನಿರ್ಧಾರ, ನಾನು ಗೌರವಿಸುತ್ತೇನೆ," ಅಂದು ಎದ್ದರು.

ಬಾಗಿಲಲ್ಲಿ ಕೇಳಿಯಾರು ಅಂತ ಮಹಾನಂದಾ ಬಾಗಿಲ ತನಕ ಹೋದಳು. ಕಾರಿನ ಹತ್ತಿರ ಕೇಳಿಯಾರು ಅಂತ ಬರಿಗಾಲಲ್ಲಿ ಸುಡುವ ಡ್ರೈವ್‌ವೇ ತನಕ ಹೋದಳು. ಮರಿಯನ್ ಹೋಳಿಗೆಗೆ ಥ್ಯಾಂಕ್ಸ್ ಹೇಳಿ ಕಾರು ತಿರುಗಿಸಿಕೊಂಡು ಹೋದರು.

"ಏನಂದ್ರು?" ಮಧುಶ್ರೀ ಖಾಲಿ ಬಟ್ಟಲು ಹಿಡಿದು ಬಂದಳು.

"ಫೋನ್ ಮಾಡ್ತಾರ. ಬೇರೆ ಯಾರಿಗರ ಕೊಡ್ರಿ ಅಂತ ನಾ ಉಪಚಾರಕ್ಕ ಅಂದೆ. ಅವ್ರು ಮಾಡ್ತಾರ ತಗೋ, ಅಷ್ಟು ಪ್ರೀತಿ ಐತಿ ನಿನ್ನ ಮ್ಯಾಲ."

ಮಧುಶ್ರೀಯ ಮುಖ ಬೆಳ್ಳಗಾಯಿತು. "ಅಮ್ಮಾ, ನೀನು ನೋ ಅಂದ್ಯಾ?"

"ನೋ ಅಲ್ಲಲೇ. ಹಂಗ ಅಂದೆ."

"ಹಂಗ ಅಂದ್ರ ಏನು? ವಾಟ್ ಡಸ್ ದಟ್ ಮೀನ್, ಅಮ್ಮಾ?"

ಹುಡುಗಿ ಅಲ್ಲಿಂದಲೇ ಫೋನ್ ಮಾಡಿದಳು. ಮರಿಯನ್ ಡ್ರೈವ್ ಮಾಡುತ್ತಿರಬೇಕು, ಎತ್ತಲಿಲ್ಲ. ಸಂಜೆ ಅವರೇ ಮಾಡಿದರು. ಅಷ್ಟರಲ್ಲಿ ಅವರು ಆ ಕಾಲೇಜಿಗೆ ತಿಳಿಸಿಯಾಗಿತ್ತು, ಕಾಲೇಜಿನವರು ಮುಂದಿನ ಹೆಸರಿನ ಹುಡುಗಿಯನ್ನು ಕರೆದೂ ಆಗಿತ್ತು. ಆ ಹುಡುಗಿ ಅತ್ತುಬಿಟ್ಟಳಂತೆ ಸಂತೋಷಕ್ಕೆ. "ನಿನ್ನ ಅಮ್ಮನನ್ನು ಎರಡು ಸಲ ಕೇಳಿದೆ ಮಧು," ಅನ್ನುತ್ತಿದ್ದ ದನಿ ಫೋನಿನಿಂದ ಹೊರಗೆ ಕೇಳಿಸುತ್ತಿತ್ತು.

ಆ ದಿನ ಊಟಕ್ಕೆ ಕೂತಾಗ ಸುಮಿತ್ರವ್ವನಿಗೆ ಸಿಟ್ಟು ತಡೆಯಲಿಲ್ಲ. "ಆಕಿ ಎಂಥಾಕಿ? ಇನ್ನೊಂದು ಸಲ ಕೇಳಬೇಕಿತ್ತು. ನಾ ಮೂರು ಸಲ ಹೋಳಿಗಿ ಹಾಕಲಿಲ್ಲೇನು?"

"ಆದದ್ದು ಆತು," ಶ್ರೀಶೈಲ್ ರೊಟ್ಟಿ ಮುರಿದ. "ಒಳ್ಳೇದಕ್ಕ ಅಂತ ತಿಳಕೋರಿ. ಅಪ್ಪಗೂ ಒಂದ್ ಆಸರ ಆತು."

"ನೀವು ಸುಮ್ಮಕಿರ್ರಿ," ಮಹಾನಂದಾ ಅಂದಳು. ಎಷ್ಟು ಮೆಲ್ಲಗೆ ಅಂದಳೆಂದರೆ ಅವನು ತುತ್ತು ಕೈಯಲ್ಲೇ ಹಿಡಿದು ಕೂತ.

ಮಧುಶ್ರೀ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಮಹಾನಂದಾ ಅಂಗಡಿಗೆ ರಜೆ ಹೇಳಿ, ಮನೆಯಲ್ಲಿ ಯಾರಿಗೂ ಹೇಳದೆ, ಆಸ್ಟಿನ್ ದಾರಿ ಹಿಡಿದಳು. ಅಷ್ಟು ದೂರ ಒಬ್ಬಳೇ ಹೈವೇಯಲ್ಲಿ ಎಂದೂ ಹೋದವಳಲ್ಲ. ಲಾರಿಗಳ ನಡುವೆ ಸ್ಟೇರಿಂಗ್ ಬಿಗಿಹಿಡಿದು, ಹೇಳಬೇಕಾದ ಇಂಗ್ಲಿಷ್ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಹೋದಳು. ಪಕ್ಕದ ಸೀಟಿನಲ್ಲಿ ಆ ದಪ್ಪ ಕೋಟು ಇತ್ತು. ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ. ಇದನ್ನು ನೋಡಿದರೆ ನಂಬಿಯಾರು ಅನ್ನಿಸಿರಬೇಕು.

ಮರಿಯನ್ ಬಾಗಿಲು ತೆರೆದು ಬೆರಗಾದರು. ಮಹಾನಂದಾ ನಿಂತೇ ಹೇಳಿದಳು, ಕೋಟನ್ನು ಎದೆಗೆ ಅವುಚಿಕೊಂಡು: "ನನಗೆ ಬೇಕಿತ್ತು. ಮಗಳು ಹೋಗಬೇಕು ಅಂತ ನನಗಿಂತ ಹೆಚ್ಚಿಗೆ ಯಾರಿಗೂ ಬೇಕಿರಲಿಲ್ಲ. ನಮ್ಮಲ್ಲಿ ಮೊದಲು ಬೇಡ ಅನ್ನಬೇಕು. ಕೊಡುವವರು ಒತ್ತಾಯ ಮಾಡಬೇಕು. ನೀವು ಇನ್ನೊಂದು ಸಲ ಕೇಳುತ್ತೀರಿ ಅಂತ ಕಾದಿದ್ದೆ."

ಮರಿಯನ್ ಅವಳನ್ನು ಒಳಗೆ ಕರೆದು ಕೂಡಿಸಿದರು. "ನಮ್ಮಲ್ಲಿ ಒಬ್ಬ ಹೆಂಗಸು ಬೇಡ ಅಂದ ಮೇಲೆ ಮತ್ತೆ ಮತ್ತೆ ಕೇಳುವುದು ಅವಳಿಗೆ ಮಾಡುವ ಅವಮಾನ," ಅಂದರು. "ನಿಮ್ಮ ಮೇಲಿನ ಗೌರವಕ್ಕೇ ನಾನು ಸುಮ್ಮನಾದೆ."

"ಈಗ ಹೂಂ ಅಂತೀನಿ. ಹೂಂ. ಹೂಂ."

"ಆ ಹುಡುಗಿಗೆ ಕೊಟ್ಟಾಗಿದೆ. ಅವಳದೂ ಕಷ್ಟದ ಮನೆ. ಅವಳಿಂದ ಹೇಗೆ ಕಿತ್ತುಕೊಳ್ಳಲಿ?" ಮರಿಯನ್ ಕಣ್ಣಲ್ಲಿ ನೀರಿತ್ತು. "ಮುಂದಿನ ವರ್ಷ ಮಧು ಮತ್ತೆ ಅರ್ಜಿ ಹಾಕಲಿ. ಗ್ಯಾರಂಟಿ ಕೊಡಲಾರೆ. ಆದರೆ ಮೊದಲು ಅವಳು ಇಲ್ಲಿಗೆ ಬಂದು ಬಿಟ್ಟ ಓದು ಮುಗಿಸಬೇಕು. ಆಗಸ್ಟ್‌ಗೆ ಬರುತ್ತಾಳೆಯೇ? ಆ ನರ್ಸ್‌ಗೆ ನಾನು ಇವತ್ತೂ ಹೇಳಬಲ್ಲೆ."

"ಬರುತ್ತಾಳೆ," ಅಂದಳು ಮಹಾನಂದಾ, ಮಾತು ಮುಗಿಯುವ ಮೊದಲೇ. "ನರ್ಸ್ ಬೇಕು. ಕಳಿಸಿ. ಥ್ಯಾಂಕ್ ಯೂ." ಜನ್ಮದಲ್ಲಿ ಮೊದಲ ಸಲ, ಕೊಟ್ಟದ್ದನ್ನು ಒಂದೇ ಮಾತಿಗೆ ತೆಗೆದುಕೊಂಡಿದ್ದಳು.

ಮನೆ ಮುಟ್ಟುವ ಹೊತ್ತಿಗೆ ಊಟದ ಸಮಯ. ಎಲ್ಲಿಗೆ ಹೋಗಿದ್ದಿ ಅಂತ ಅತ್ತೆ ಕೇಳಿದಳು, ಗಂಡ ಕೇಳಿದ. ಅವರಿಗೆ ಉತ್ತರ ಕೊಡದೆ ಕೈತೊಳೆದು, ಮಗಳ ಎದುರು ಕೂತು, ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದಳು. ಶ್ರೀಶೈಲ್ ತಲೆ ತಗ್ಗಿಸಿ ಕೇಳಿದ. "ನರ್ಸ್ ಬರಲಿ. ನೋಡೂಣು," ಅಂದ ಕೊನೆಗೆ.

"ಆಗಸ್ಟ್‌ನಾಗ ಆಸ್ಟಿನ್‌ಗೆ ಹೋಗು ಮಧೂ. ಓದು ಮುಗಸು. ಹೋಗ್ತೀಯಲ್ಲ?" ಮಹಾನಂದಾ ಕೇಳಿದಳು.

ಮಧುಶ್ರೀ ಕೋಟಿನ ತೋಳನ್ನು ಒಮ್ಮೆ ಮುಟ್ಟಿ ನೋಡಿದಳು. "ಬ್ಯಾಡಮ್ಮಾ," ಅಂದಳು. "ಅಜ್ಜ ಇದ್ದಾನ. ಪರವಾಗಿಲ್ಲ."

ಮಹಾನಂದಾ ಮಗಳನ್ನು ದಿಟ್ಟಿಸಿ ನೋಡಿದಳು. ಹುಟ್ಟಿದ್ದು ಇದೇ ಡಾಲಸ್‌ನಲ್ಲಿ, ಬೆಳೆದದ್ದು ಸುಮಿತ್ರವ್ವನ ಮಡಿಲಲ್ಲಿ. ಈ ಬ್ಯಾಡ ಇಳಕಲ್ಲಿನದೋ, ಇಲ್ಲಿಯದೋ? ಮರ್ಯಾದೆಯದೋ, ಹೊಟ್ಟೆಯದೋ? ಹಡೆದ ತಾಯಿಗೆ ತಿಳಿಯಲಿಲ್ಲ.

"ಖರೇ ಹೇಳು. ಹೋಗ್ತೀಯೋ ಇಲ್ಲೋ?" ಮತ್ತೆ ಕೇಳಿದಳು.

"ಬ್ಯಾಡ ಅಂದ್ನಲ್ಲಾ."

ಸುಮಿತ್ರವ್ವ ಸೊಸೆಯ ಮುಖ ನೋಡಿದಳು. ಕೇಳು, ಅಂತ ಕಣ್ಣಲ್ಲೇ ಅಂದಳು.

"ಮಧೂ," ಮಹಾನಂದಾ ಮೂರನೇ ಸಲ ಕೇಳಿದಳು, "ಹೋಗ್ತೀಯೇನವ್ವಾ?"

ಮಧುಶ್ರೀ ತಲೆ ಎತ್ತಿದಳು. ಬಾಯಿ ತೆರೆದಳು. ಆಗ ಒಳಗಿನ ಕೋಣೆಯಿಂದ "ಮಧೂ" ಅಂತ ಒಡೆದ ದನಿಯ ಕೂಗು ಬಂತು. ಹುಡುಗಿ ಅರೆಕ್ಷಣವೂ ಯೋಚಿಸದೆ ಎದ್ದು, ಅಂಬಲಿಯ ಬಟ್ಟಲು ತೆಗೆದುಕೊಂಡು ಹೋದಳು. ತಾಟಿನಲ್ಲಿ ಅವಳ ರೊಟ್ಟಿ ಅರ್ಧ ಉಳಿದಿತ್ತು.